ಮೊದಲು ನೀರು, ಆಮೇಲೆ ಬಣ್ಣ

ಮನೆಯ ಅಕ್ವೇರಿಯಂನಲ್ಲಿ ಮೀನು ಸತ್ತರೆ ನಮ್ಮ ಕಡೆ ಸಾಮಾನ್ಯವಾಗಿ ಮೂರು ಮಾತು ಕೇಳಿಬರುತ್ತವೆ. ಒಂದು, "ನಮ್ಮ ಮನಿಗೆ ಮೀನು ಆಗಿಬರಂಗಿಲ್ಲ." ಎರಡು, "ಮನಿಗೆ ಬರೋ ಕೆಡುಕು ಮೀನಿನ ಮ್ಯಾಲೆ ಹೋತು, ಛಲೋ ಆತು ಬಿಡ್ರಿ." ಮೂರು, "ಇಪ್ಪತ್ತು ರೂಪಾಯಿ ಮೀನು, ನಾಳೆ ಇನ್ನೊಂದು ತಂದ್ರಾತು." ಮೂರು ಮಾತುಗಳೂ ಒಂದೇ ಕೆಲಸ ಮಾಡುತ್ತವೆ. ಮೀನು ಯಾಕೆ ಸತ್ತಿತು ಎಂಬ ಪ್ರಶ್ನೆಯನ್ನು ಕೇಳದಂತೆ ನಮ್ಮನ್ನು ತಡೆಯುತ್ತವೆ. ಮೊದಲನೆಯದು ದೋಷವನ್ನು ಮನೆಯ ಮೇಲೆ ಹಾಕುತ್ತದೆ, ಎರಡನೆಯದು ಸಾವನ್ನೇ ಶುಭ ಎನ್ನುತ್ತದೆ, ಮೂರನೆಯದು ಒಂದು ಜೀವಕ್ಕೆ ಬೆಲೆಚೀಟಿ ಅಂಟಿಸುತ್ತದೆ.

ನನ್ನ ಅಭಿಪ್ರಾಯ ಇಷ್ಟು: ನಮ್ಮೂರಿನ ತೊಟ್ಟಿಗಳಲ್ಲಿ ಸಾಯುವ ಮೀನುಗಳಲ್ಲಿ ಹೆಚ್ಚಿನವು ಅಂಗಡಿಯಲ್ಲಿ ನಾವು ಬೆರಳು ತೋರಿಸಿದ ಕ್ಷಣದಲ್ಲೇ ಅರ್ಧ ಸತ್ತಿರುತ್ತವೆ. ನಾವು ಬಣ್ಣ ನೋಡಿ ಆರಿಸುತ್ತೇವೆ. "ಕೆಂಪು ಎರಡು, ಹಳದಿ ಎರಡು, ಕರಿದು ಒಂದು" ಎಂದು ಬಳೆ ಅಂಗಡಿಯಲ್ಲಿ ಬಳೆ ಆರಿಸಿದಂತೆ ಆರಿಸುತ್ತೇವೆ. ಆ ಮೀನಿಗೆ ಯಾವ ನೀರು ಬೇಕು, ಅದು ಎಷ್ಟು ದೊಡ್ಡದಾಗುತ್ತದೆ, ಪಕ್ಕದ ಮೀನಿನ ಜೊತೆ ಬಾಳುತ್ತದೆಯೇ ಎಂದು ಕೇಳುವುದಿಲ್ಲ. ಈ ಮೂರು ಪ್ರಶ್ನೆ ಕೇಳಿದರೆ ಬಣ್ಣಕ್ಕೇನೂ ಕೊರತೆಯಾಗುವುದಿಲ್ಲ. ಮೀನು ಮಾತ್ರ ಬದುಕುತ್ತದೆ.

ಕುಕನೂರಿನ ನೀರು ಎಂಥದ್ದು?

ಅಕ್ವೇರಿಯಂ ಬಗ್ಗೆ ಮೊಬೈಲಿನಲ್ಲಿ ಸಿಗುವ ವಿಡಿಯೊಗಳು ಬೇರೆ ಊರಿನ, ಬೇರೆ ದೇಶದ ನೀರಿಗೆ ಹೇಳಿದವು. ನಮ್ಮ ನೀರು ನಮಗೆ ಗೊತ್ತು. ಬೋರಿನ ನೀರಿನಲ್ಲಿ ಸೋಪು ಬೇಗ ನೊರೆ ಕೊಡುವುದಿಲ್ಲ, ಬ್ಯಾಳಿ ಬೇಗ ಬೇಯುವುದಿಲ್ಲ, ನೀರು ಕಾಯಿಸುವ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುತ್ತದೆ. ಇದು ಗಡಸು ನೀರಿನ ಲಕ್ಷಣ. ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚಿರುವ, ಸಾಮಾನ್ಯವಾಗಿ ಕ್ಷಾರದ ಕಡೆ ವಾಲಿದ ನೀರು ಇದು. ಕೊಪ್ಪಳ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಸಮಸ್ಯೆಯೂ ಇದೆ. ಅದಕ್ಕಾಗಿಯೇ ಹಳ್ಳಿಹಳ್ಳಿಗೆ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದಿವೆ.

ಈಗ ಮೀನಿನ ಕಡೆ ನೋಡೋಣ. ನಿಯಾನ್ ಟೆಟ್ರಾ ಎಂಬ ನೀಲಿ-ಕೆಂಪು ಗೆರೆಯ ಪುಟ್ಟ ಮೀನು ದಕ್ಷಿಣ ಅಮೆರಿಕದ ಅಮೆಜಾನ್ ಕೊಳ್ಳದ್ದು. ಅಲ್ಲಿಯ ನೀರು ಮಳೆನೀರಿನಂತೆ ಮೃದು, ಸ್ವಲ್ಪ ಆಮ್ಲೀಯ. ಅಂಗಡಿಯಲ್ಲಿ ಅತಿ ಹೆಚ್ಚು ಬೆಲೆಗೆ ಸಿಗುವ ಡಿಸ್ಕಸ್ ಮೀನಿಗೂ ಅಂಥದೇ ನೀರು ಬೇಕು. ಇವನ್ನು ತಂದು ನಮ್ಮ ಬೋರಿನ ನೀರಿಗೆ ಬಿಟ್ಟರೆ ಕೆಲವು ದಿನ ಓಡಾಡಿ, ಬಣ್ಣ ಮಂಕಾಗಿ, ಒಂದೊಂದಾಗಿ ಹೋಗುತ್ತವೆ. ತಪ್ಪು ಮೀನಿನದೂ ಅಲ್ಲ, ನೀರಿನದೂ ಅಲ್ಲ. ಜೋಡಿ ತಪ್ಪು.

ಹಾಗಾದರೆ ಗಡಸು ನೀರಿನಲ್ಲೇ ಸುಖವಾಗಿರುವ ಮೀನು ಇಲ್ಲವೇ? ಬೇಕಾದಷ್ಟಿವೆ, ಬಣ್ಣದಲ್ಲಿ ಯಾವುದಕ್ಕೂ ಕಡಿಮೆಯಿಲ್ಲ. ಗಪ್ಪಿ, ಮೋಲಿ, ಪ್ಲಾಟಿ, ಸ್ವೋರ್ಡ್‌ಟೇಲ್ ಈ ನಾಲ್ಕೂ ಒಂದೇ ಬಳಗದವು. ಮೊಟ್ಟೆ ಇಡದೆ ನೇರವಾಗಿ ಮರಿ ಹಾಕುತ್ತವೆ. ಲವಣ ಇರುವ ನೀರನ್ನು ಇವು ತಡೆದುಕೊಳ್ಳುವುದಷ್ಟೇ ಅಲ್ಲ, ಬಯಸುತ್ತವೆ. ಮೋಲಿಯಂತೂ ಸಮುದ್ರ ಸೇರುವ ನದಿಬಾಯಿಯ ಉಪ್ಪುಮಿಶ್ರಿತ ನೀರಿನಲ್ಲೂ ಬಾಳುವ ಮೀನು. ಸೊಳ್ಳೆಮರಿ ತಿನ್ನಲೆಂದು ಆರೋಗ್ಯ ಇಲಾಖೆಯವರು ತೊಟ್ಟಿ, ಬಾವಿಗಳಿಗೆ ಬಿಡುವ ಮೀನುಗಳಲ್ಲಿ ಗಪ್ಪಿಯೂ ಒಂದು. ಫಿಲ್ಟರ್ ಇಲ್ಲದೆ, ದಿನವೂ ಆಹಾರ ಹಾಕುವವರಿಲ್ಲದೆ ಅಲ್ಲಿ ಬದುಕುವ ಮೀನು ನಮ್ಮ ಮನೆಯಲ್ಲಿ ಬದುಕದಿರಲು ಕಾರಣವೇ ಇಲ್ಲ.

ಇಲ್ಲಿ ಇನ್ನೊಂದು ಮಾತು. ಮೀನಿನ ಮೇಲಿನ ಪ್ರೀತಿಗೆ ಕೆಲವರು ಶುದ್ಧ ನೀರಿನ ಘಟಕಕ್ಕೆ ಹೋಗಿ, ನಾಣ್ಯ ಹಾಕಿ, ಕ್ಯಾನ್ ತುಂಬಿಸಿ ತಂದು ತೊಟ್ಟಿಗೆ ಹಾಕುತ್ತಾರೆ. "ನಾವು ಕುಡಿಯೋ ನೀರನ್ನೇ ಕೊಡ್ತೀವಿ" ಎನ್ನುತ್ತಾರೆ. ಆ ಯಂತ್ರ ನೀರಿನಲ್ಲಿರುವ ಬಹುಪಾಲು ಲವಣವನ್ನು ತೆಗೆದುಬಿಡುತ್ತದೆ. ಗಪ್ಪಿ, ಮೋಲಿಗೆ ಬೇಕಾಗಿದ್ದೇ ಆ ಲವಣ. ಇಂಥ ನೀರಿನಲ್ಲಿ ಅವು ರೆಕ್ಕೆ ಮಡಚಿಕೊಂಡು, ನಿಂತಲ್ಲೇ ಮೈ ಅಲ್ಲಾಡಿಸುತ್ತಾ ಸೊರಗುತ್ತವೆ. ಕ್ಯಾನಿಗೆ ಹಾಕುವ ದುಡ್ಡು ಉಳಿಸಿ, ಬಳಕೆಯ ನೀರನ್ನೇ ಹಾಕಿ. ನಳದ ನೀರಾದರೆ ಅದರಲ್ಲಿ ಕ್ಲೋರಿನ್ ಇರಬಹುದು. ಬಾಯಿ ಅಗಲದ ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟು ಆಮೇಲೆ ಬಳಸಿ.

ಕೆಮಿಸ್ಟ್ರಿ ಪುಸ್ತಕ ಇಲ್ಲಿ ಕೆಲಸಕ್ಕೆ ಬರುತ್ತದೆ

ಪಿಯುಸಿ ವಿಜ್ಞಾನ ಓದುವ ನಾವು "ಈಕ್ವಿಲಿಬ್ರಿಯಂ" ಪಾಠವನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡುತ್ತೇವೆ. ಅದೇ ಪಾಠ ಮೀನಿನ ತೊಟ್ಟಿಯಲ್ಲಿ ದಿನವೂ ನಡೆಯುತ್ತಿರುತ್ತದೆ. ಮೀನಿನ ದೇಹದಿಂದ ಅಮೋನಿಯ ಹೊರಬರುತ್ತದೆ, ಉಳಿದ ಆಹಾರ ಕೊಳೆತರೂ ಅಮೋನಿಯವೇ. ನೀರಿನಲ್ಲಿ ಅದು ಎರಡು ರೂಪದಲ್ಲಿರುತ್ತದೆ: ಅಮೋನಿಯಂ ಅಯಾನ್ ಮತ್ತು ಅಮೋನಿಯ. ಮೊದಲನೆಯದು ಅಷ್ಟು ಅಪಾಯವಲ್ಲ, ಎರಡನೆಯದು ಕಿವಿರನ್ನು ಸುಡುವ ವಿಷ. ಯಾವುದು ಎಷ್ಟು ಎಂಬುದನ್ನು ಪಿಎಚ್ ಮತ್ತು ಉಷ್ಣತೆ ತೀರ್ಮಾನಿಸುತ್ತವೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯದಲ್ಲಿ ಶೇ 0.6ರಷ್ಟು ಮಾತ್ರ ವಿಷರೂಪದಲ್ಲಿರುತ್ತದೆ. ಪಿಎಚ್ 8 ಆದರೆ ಅದು ಶೇ 5 ದಾಟುತ್ತದೆ. ಪಿಎಚ್ 9 ಆದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು.

ಇದರ ಅರ್ಥ, ಅದೇ ಗಲೀಜು ಮೃದು ನೀರಿನ ತೊಟ್ಟಿಯಲ್ಲಿ ಮೀನನ್ನು ಕೊಲ್ಲದಿದ್ದರೂ ನಮ್ಮ ಕ್ಷಾರದ, ಬೆಚ್ಚಗಿನ ನೀರಿನಲ್ಲಿ ಕೊಲ್ಲಬಹುದು. ಆದ್ದರಿಂದ ನಮ್ಮ ಭಾಗದವರು ಬೇರೆಯವರಿಗಿಂತ ಕಡಿಮೆ ಮೀನು ಇಡಬೇಕು, ಕಡಿಮೆ ಆಹಾರ ಹಾಕಬೇಕು. ನಾವು ಮಾಡುವುದು ಇದಕ್ಕೆ ಉಲ್ಟಾ.

ಹೊಸ ತೊಟ್ಟಿಯ ವಿಷಯದಲ್ಲಿ ಈ ಮಾತು ಇನ್ನೂ ಮುಖ್ಯ. ತೊಟ್ಟಿಯ ಕಲ್ಲು, ಫಿಲ್ಟರಿನ ಸ್ಪಂಜಿನ ಮೇಲೆ ಒಂದು ಬಗೆಯ ಬ್ಯಾಕ್ಟೀರಿಯಾ ಬೆಳೆದು ಅಮೋನಿಯವನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ನೈಟ್ರೈಟನ್ನು ಅಷ್ಟಾಗಿ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ಈ ಬ್ಯಾಕ್ಟೀರಿಯಾ ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ನಾವಾದರೋ ಬೆಳಿಗ್ಗೆ ತೊಟ್ಟಿ, ಮಧ್ಯಾಹ್ನ ನೀರು, ಸಂಜೆಗೆ ಹದಿನೈದು ಮೀನು ಬಿಟ್ಟು ಬಂಧುಬಳಗಕ್ಕೆ ಫೋಟೊ ಕಳಿಸುತ್ತೇವೆ. ನೀರು ಕನ್ನಡಿಯಂತಿರುತ್ತದೆ, ಅಮೋನಿಯ ಕಣ್ಣಿಗೆ ಕಾಣುವುದಿಲ್ಲ. ವಾರದೊಳಗೆ ಮೀನು ತೇಲುತ್ತವೆ. ಮೊದಲ ತಿಂಗಳು ಎರಡು-ಮೂರು ಗಟ್ಟಿ ಮೀನು ಮಾತ್ರ ಇಟ್ಟು, ಆಮೇಲೆ ಎರಡು ವಾರಕ್ಕೆ ಒಮ್ಮೆ ಒಂದೆರಡು ಸೇರಿಸುತ್ತಾ ಹೋದರೆ ಈ ಸಾವು ತಪ್ಪುತ್ತದೆ. ತಾಳ್ಮೆಗೆ ದುಡ್ಡು ಕೊಡಬೇಕಿಲ್ಲ.

ಕರೆಂಟ್ ಉಳಿಸಲೆಂದು ರಾತ್ರಿ ಫಿಲ್ಟರ್ ಬಂದ್ ಮಾಡುವ ಮನೆಗಳೂ ಇವೆ. ಐದು ವ್ಯಾಟಿನ ಪಂಪ್ ದಿನದ 24 ತಾಸೂ ಓಡಿದರೆ ತಿಂಗಳಿಗೆ 3.6 ಯುನಿಟ್ ಆಗುತ್ತದೆ. ಅಷ್ಟಕ್ಕಾಗಿ ಬ್ಯಾಕ್ಟೀರಿಯಾಗಳ ಉಸಿರು ನಿಲ್ಲಿಸುವುದು ಲೆಕ್ಕದಲ್ಲಿ ಜಾಣತನವಲ್ಲ. ಸ್ಪಂಜನ್ನು ತೊಳೆಯುವಾಗಲೂ ನಳದ ಕೆಳಗೆ ಹಿಡಿಯದೆ, ತೊಟ್ಟಿಯಿಂದ ತೆಗೆದ ಹಳೆ ನೀರಿನಲ್ಲೇ ಜಾಲಾಡಬೇಕು.

ಗೋಲ್ಡ್‌ಫಿಶ್ ಮತ್ತು ನಮ್ಮ ಬೇಸಿಗೆ

ಗೃಹಪ್ರವೇಶ, ಹುಟ್ಟುಹಬ್ಬ ಎಂದರೆ ಗಾಜಿನ ಬುರುಡೆಯಲ್ಲಿ ಒಂದು ಗೋಲ್ಡ್‌ಫಿಶ್ ಕೊಡುವ ರೂಢಿ ನಮ್ಮ ಕಡೆಗೂ ಬಂದಿದೆ. ಇದನ್ನು ನಿಲ್ಲಿಸಬೇಕು ಎಂದು ನಾನು ನೇರವಾಗಿ ಹೇಳುತ್ತೇನೆ. ಗೋಲ್ಡ್‌ಫಿಶ್ ಚೀನಾದಲ್ಲಿ ಸಾವಿರ ವರ್ಷಕ್ಕೂ ಹಿಂದೆ ಗೆಂಡೆ ಜಾತಿಯ ಮೀನಿನಿಂದ ಸಾಕಿ ಬೆಳೆಸಿದ ತಳಿ. ಅದಕ್ಕೆ ತಂಪು ನೀರು ಬೇಕು, 20 ಡಿಗ್ರಿಯ ಆಸುಪಾಸು ಅದಕ್ಕೆ ಹಿತ. ಚೆನ್ನಾಗಿ ಸಾಕಿದರೆ ಗೇಣುದ್ದ ಬೆಳೆಯುತ್ತದೆ, ಹತ್ತು ವರ್ಷಕ್ಕೂ ಹೆಚ್ಚು ಬದುಕುತ್ತದೆ. ನಾವು ಅದನ್ನು ಮೂರು ಲೀಟರಿನ ಬುರುಡೆಯಲ್ಲಿಟ್ಟು, ಏಪ್ರಿಲ್‌ನ ಕೊಪ್ಪಳದ ಬಿಸಿಲಿಗೆ ಒಡ್ಡುತ್ತೇವೆ.

ದ್ವಿತೀಯ ಪಿಯುಸಿಯ "ಸೊಲ್ಯೂಶನ್ಸ್" ಪಾಠದಲ್ಲಿ ಹೆನ್ರಿಯ ನಿಯಮ ಓದಿದವರಿಗೆ ಇದರ ಪರಿಣಾಮ ಗೊತ್ತಿರಬೇಕು. ಬಿಸಿ ಹೆಚ್ಚಿದಂತೆ ನೀರಿನಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ. 20 ಡಿಗ್ರಿ ನೀರು ಒಂದು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 35 ಡಿಗ್ರಿ ನೀರು ಸುಮಾರು 7 ಮಿಲಿಗ್ರಾಂ ಮಾತ್ರ ಹಿಡಿಯುತ್ತದೆ. ಅದೇ ಹೊತ್ತಿಗೆ ಬಿಸಿ ನೀರಿನಲ್ಲಿ ಮೀನಿನ ದೇಹಕ್ಕೆ ಬೇಕಾಗುವ ಆಮ್ಲಜನಕ ಹೆಚ್ಚುತ್ತದೆ. ಆದಾಯ ಇಳಿದು ಖರ್ಚು ಏರಿದ ಮನೆಯಂತೆ. ಬುರುಡೆಯ ಬಾಯಿ ಕಿರಿದಾದ್ದರಿಂದ ಗಾಳಿಯಿಂದ ಆಮ್ಲಜನಕ ಬೆರೆಯಲು ಜಾಗವೂ ಇಲ್ಲ. ಮೀನು ಮೇಲೆ ಬಂದು ಬಾಯಿ ತೆರೆದು ಮುಚ್ಚುವುದನ್ನು ನೋಡಿ ಮಕ್ಕಳು "ಮಾತಾಡ್ತದ" ಎಂದು ನಗುತ್ತಾರೆ. ಅದು ಉಸಿರಿಗೆ ಒದ್ದಾಡುತ್ತಿರುತ್ತದೆ.

ಕರೆಂಟ್ ಹೋದಾಗ ಪಂಪ್ ನಿಲ್ಲುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿದು ಮೀನು ಆರಿಸಬೇಕು. ಬೆಟ್ಟಾ, ಅಂದರೆ ಅಂಗಡಿಯವರು ಫೈಟರ್ ಎನ್ನುವ ಮೀನು, ನೀರಿನ ಮೇಲೆ ಬಂದು ಗಾಳಿಯನ್ನೇ ನೇರವಾಗಿ ಉಸಿರಾಡಬಲ್ಲದು. ಅದಕ್ಕೆ ತಲೆಯೊಳಗೆ ವಿಶೇಷ ಅಂಗವಿದೆ. ಒಂದೇ ಮೀನು ಸಾಕು ಎನ್ನುವವರಿಗೆ ಹತ್ತು-ಹದಿನೈದು ಲೀಟರಿನ ತೊಟ್ಟಿಯಲ್ಲಿ ಒಂದು ಗಂಡು ಬೆಟ್ಟಾ ಒಳ್ಳೆಯ ಆಯ್ಕೆ. ಬಣ್ಣಕ್ಕೆ ಅದನ್ನು ಮೀರಿಸುವ ಮೀನು ಕಡಿಮೆ. ಉಳಿದ ತೊಟ್ಟಿಗಳವರು ಬೇಸಿಗೆಯಲ್ಲಿ ನೀರಿನ ಮಟ್ಟ ಸ್ವಲ್ಪ ಇಳಿಸಿ ಗಾಳಿಯಾಡಲು ಬಿಡಬೇಕು, ಕರೆಂಟ್ ಇಲ್ಲದಾಗ ತೊಟ್ಟಿಯ ನೀರನ್ನೇ ಮಗ್ಗಿನಿಂದ ಎತ್ತಿ ಸುರಿಯಬೇಕು, ಆ ಹೊತ್ತಿನಲ್ಲಿ ಆಹಾರ ಹಾಕಬಾರದು.

ಬೇಸಿಗೆಯಲ್ಲಿ ನೀರು ಆವಿಯಾಗುತ್ತದೆ, ಲವಣ ಉಳಿಯುತ್ತದೆ. ಕಡಿಮೆಯಾದಷ್ಟು ನೀರನ್ನು ಮೇಲಿನಿಂದ ತುಂಬುತ್ತಾ ಹೋದರೆ ತೊಟ್ಟಿಯ ನೀರು ವಾರದಿಂದ ವಾರಕ್ಕೆ ಗಟ್ಟಿಯಾಗುತ್ತದೆ, ಗಾಜಿನ ಮೇಲೆ ಬಿಳಿ ಗೆರೆ ಕಟ್ಟುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಹೊರತೆಗೆದು ಹೊಸ ನೀರು ಹಾಕಬೇಕು. ಪೂರ್ತಿ ಖಾಲಿ ಮಾಡಿ, ಸೋಪು ಹಾಕಿ ತಿಕ್ಕುವುದಂತೂ ಬೇಡವೇ ಬೇಡ. ತೆಗೆದ ನೀರನ್ನು ಗಿಡಗಳಿಗೆ ಹಾಕಿದರೆ ಗೊಬ್ಬರವಾಗುತ್ತದೆ.

ಯಾರ ಜೊತೆ ಯಾರು?

"ಭಾಯ್, ಎಲ್ಲಾ ಕೂಡಿ ಇರ್ತಾವು, ಏನಾಗಂಗಿಲ್ಲ, ತಗೊಂಡ್ ಹೋಗ್ರಿ" ಎಂದು ಅಂಗಡಿಯವರು ಹೇಳುತ್ತಾರೆ. ಅಂಗಡಿಯ ತೊಟ್ಟಿಯಲ್ಲಿ ಅವು ಕೂಡಿ ಇರುವುದು ನಿಜ. ಯಾಕೆಂದರೆ ಅಲ್ಲಿ ಎಲ್ಲವೂ ಮರಿಗಳು, ಒಂದೆರಡು ದಿನದ ಅತಿಥಿಗಳು. ಮನೆಯಲ್ಲಿ ವರ್ಷಗಟ್ಟಲೆ ಇರಬೇಕಾದಾಗ ಸ್ವಭಾವ ಹೊರಬರುತ್ತದೆ.

ಟೈಗರ್ ಬಾರ್ಬ್ ಚುರುಕು ಮೀನು, ಉದ್ದ ರೆಕ್ಕೆ ಕಂಡರೆ ಕಚ್ಚುತ್ತದೆ. ಗಪ್ಪಿಯ ಬಾಲ, ಏಂಜಲ್ ಮೀನಿನ ರೆಕ್ಕೆ ಎರಡೂ ಹರಿದು ಹೋಗುತ್ತವೆ. ಏಂಜಲ್ ಹೆಸರಿಗೆ ದೇವದೂತ, ಬೆಳೆದ ಮೇಲೆ ಬಾಯಿಗೆ ಹಿಡಿಯುವ ನಿಯಾನ್ ಟೆಟ್ರಾವನ್ನು ನುಂಗುತ್ತದೆ. ಎರಡು ಗಂಡು ಬೆಟ್ಟಾಗಳನ್ನು ಒಂದೇ ತೊಟ್ಟಿಯಲ್ಲಿಟ್ಟರೆ ಸಾಯುವವರೆಗೆ ಕಾದಾಡಬಹುದು. ಆಸ್ಕರ್ ಒಂದು ಅಡಿ ಬೆಳೆಯುವ, ಬಾಯಿಗೆ ಸಿಕ್ಕಿದ್ದನ್ನೆಲ್ಲ ತಿನ್ನುವ ಮೀನು. ಗೋಲ್ಡ್‌ಫಿಶ್ ಮತ್ತು ಗಪ್ಪಿ ಎರಡೂ ಸಾಧು, ಆದರೆ ಒಂದಕ್ಕೆ ತಂಪು ಬೇಕು, ಇನ್ನೊಂದಕ್ಕೆ ಬೆಚ್ಚಗಿನ ನೀರು ಬೇಕು. ಜಗಳವಾಡದವರೆಲ್ಲ ಕೂಡಿ ಬಾಳುತ್ತಾರೆ ಎಂದೇನಿಲ್ಲ.

ಎಲ್ಲಕ್ಕಿಂತ ದೊಡ್ಡ ಮೋಸ "ಶಾರ್ಕ್" ಎಂಬ ಹೆಸರಿನದು. ಬೆರಳುದ್ದದ ಬೆಳ್ಳಿಬಣ್ಣದ ಮರಿಯನ್ನು ಶಾರ್ಕ್ ಎಂದು ಮಾರುತ್ತಾರೆ, ಮಕ್ಕಳು ಕುಣಿದಾಡಿ ಕೊಳ್ಳುತ್ತಾರೆ. ಅದು ಆಗ್ನೇಯ ಏಷ್ಯಾದ ದೊಡ್ಡ ನದಿಗಳ ಕ್ಯಾಟ್‌ಫಿಶ್. ಪಂಗಾಸಿಯಸ್ ಎಂಬ ಹೆಸರಿನಲ್ಲಿ ತಿನ್ನುವುದಕ್ಕೆಂದು ದೊಡ್ಡ ಕೊಳಗಳಲ್ಲಿ ಸಾಕುವುದೂ ಇದನ್ನೇ. ಒಂದು ಮೀಟರಿಗಿಂತ ಉದ್ದ ಬೆಳೆಯಬಲ್ಲ ಮೀನನ್ನು ಎರಡು ಅಡಿಯ ತೊಟ್ಟಿಯಲ್ಲಿಡುವುದೆಂದರೆ ಎತ್ತನ್ನು ಕೋಳಿಗೂಡಿನಲ್ಲಿ ಕಟ್ಟಿದಂತೆ.

ಬಣ್ಣದ ಹೆಸರಿನಲ್ಲಿ ನಡೆಯುವ ಇನ್ನೊಂದು ಕ್ರೌರ್ಯವನ್ನೂ ಹೇಳಲೇಬೇಕು. ಗ್ಲಾಸ್ ಫಿಶ್ ಎಂಬುದು ನಮ್ಮ ದೇಶದ್ದೇ ಪಾರದರ್ಶಕ ಮೀನು, ಬೆಳಕಿಗೆ ಹಿಡಿದರೆ ಎಲುಬು ಕಾಣುತ್ತದೆ. ಅದರ ಮೈಗೆ ಸೂಜಿಯಿಂದ ಗುಲಾಬಿ, ಹಸಿರು ಬಣ್ಣ ಚುಚ್ಚಿ ಮಾರುವ ದಂಧೆಯಿದೆ. ಆ ಬಣ್ಣ ಕೆಲವು ತಿಂಗಳಲ್ಲಿ ಮಾಸುತ್ತದೆ, ಗಾಯ ಮತ್ತು ರೋಗ ಉಳಿಯುತ್ತವೆ. ನಿಸರ್ಗದಲ್ಲಿ ಕಾಣದಂಥ ಮಿಂಚುಬಣ್ಣ ಕಂಡರೆ ಅನುಮಾನಪಡಿ. ನಾವು ಕೊಳ್ಳದಿದ್ದರೆ ಚುಚ್ಚುವವರೂ ಇರುವುದಿಲ್ಲ.

ಹಾಗಾದರೆ ಏನು ಇಡಬೇಕು? ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಸಾಮಾನ್ಯ ತೊಟ್ಟಿಯನ್ನೇ ತೆಗೆದುಕೊಳ್ಳಿ. ಅಂಚಿನವರೆಗೆ ತುಂಬಿದರೆ ಸುಮಾರು 55 ಲೀಟರ್. ಕಲ್ಲು ಹಾಕಿ, ಮೇಲೆ ಜಾಗ ಬಿಟ್ಟರೆ ಉಳಿಯುವ ನೀರು 45 ಲೀಟರಿನಷ್ಟು. ಇದರಲ್ಲಿ ಆರು ಗಂಡು ಗಪ್ಪಿ, ಮೂರು ಪ್ಲಾಟಿ ಇಟ್ಟರೆ ನೀಲಿ, ಹಳದಿ, ಕಿತ್ತಳೆ, ಕೆಂಪು ಎಲ್ಲವೂ ಸಿಕ್ಕಂತಾಯಿತು. ಮೂರು ಅಡಿಯ ತೊಟ್ಟಿ ಇದ್ದವರು ನಾಲ್ಕು ಮೋಲಿ ಮತ್ತು ಒಂದು ಗಂಡು, ಎರಡು ಹೆಣ್ಣು ಸ್ವೋರ್ಡ್‌ಟೇಲ್ ಸೇರಿಸಬಹುದು. ಗಂಡಿಗಿಂತ ಹೆಣ್ಣು ಹೆಚ್ಚಿರಬೇಕು, ಇಲ್ಲದಿದ್ದರೆ ಗಂಡುಗಳು ಒಂದೇ ಹೆಣ್ಣನ್ನು ಬೆನ್ನಟ್ಟಿ ದಣಿಸುತ್ತವೆ. ಮರಿ ಬೇಡ ಎನ್ನುವವರು ಗಂಡು ಗಪ್ಪಿಗಳನ್ನಷ್ಟೇ ಇಡಿ, ಬಣ್ಣವೂ ಗಂಡಿಗೇ ಹೆಚ್ಚು. ಹೆಣ್ಣು ಗಪ್ಪಿ ಸುಮಾರು ನಾಲ್ಕು ವಾರಕ್ಕೊಮ್ಮೆ ಮರಿ ಹಾಕುತ್ತದೆ, ಒಮ್ಮೆ ಕೂಡಿದ ಮೇಲೆ ಗಂಡಿಲ್ಲದೆಯೂ ಹಲವು ತಿಂಗಳು ಮರಿ ಹಾಕುತ್ತಲೇ ಇರಬಲ್ಲದು.

ಅಂಗಡಿಯಲ್ಲಿ ಐದು ನಿಮಿಷ

ಜಾತಿ ಸರಿಯಿದ್ದರೂ ರೋಗದ ಮೀನು ತಂದರೆ ತೊಟ್ಟಿಯೆಲ್ಲ ಖಾಲಿಯಾಗುತ್ತದೆ. ಅಂಗಡಿಯ ಮೀನು ದೂರದಿಂದ ಬರುತ್ತದೆ. ದಕ್ಷಿಣ ಭಾರತದಲ್ಲಿ ಬಣ್ಣದ ಮೀನು ಸಾಕಣೆಗೆ ಹೆಸರಾದದ್ದು ಚೆನ್ನೈನ ಕೊಳತ್ತೂರು. ಅಂಥ ಕಡೆಯಿಂದ ಹೊರಟು, ಕೈಯಿಂದ ಕೈಗೆ ದಾಟಿ, ಹುಬ್ಬಳ್ಳಿಯೋ ಹೊಸಪೇಟೆಯೋ ಸೇರುವಷ್ಟರಲ್ಲಿ ಮೀನು ಬಳಲಿರುತ್ತದೆ. ಆದ್ದರಿಂದ ಇಂದು ಬಂದ ಮೀನನ್ನು ಇಂದೇ ಕೊಳ್ಳಬೇಡಿ. "ಚಾಚಾ, ಯಾವಾಗ ಬಂದಾವು?" ಎಂದು ಕೇಳಿ, ನಾಲ್ಕೈದು ದಿನ ಕಳೆದ ಮೇಲೆ ಉಳಿದವುಗಳಲ್ಲಿ ಆರಿಸಿ.

ನೋಡಬೇಕಾದ್ದು ಇಷ್ಟು. ರೆಕ್ಕೆ ಬಿಚ್ಚಿಕೊಂಡು ಈಜುತ್ತಿರಬೇಕು, ಮೈಗೆ ಅಂಟಿಕೊಂಡಿರಬಾರದು. ಮೈಮೇಲೆ ಉಪ್ಪಿನ ಕಾಳಿನಂಥ ಬಿಳಿ ಚುಕ್ಕೆ, ಹತ್ತಿಯಂಥ ಬೂಷ್ಟು ಇರಬಾರದು. ಹೊಟ್ಟೆ ಒಳಗೆ ಹೋಗಿರಬಾರದು, ಕಿವಿರು ಅವಸರದಲ್ಲಿ ಬಡಿಯುತ್ತಿರಬಾರದು. ಗುಂಪು ಬಿಟ್ಟು ಮೂಲೆಯಲ್ಲಿ ನಿಂತ ಮೀನನ್ನು ಪಾಪ ಎಂದು ತರಬೇಡಿ. ಒಂದು ಚಿಟಿಕೆ ಆಹಾರ ಹಾಕಿಸಿ ನೋಡಿ, ತಿನ್ನಲು ಓಡಿ ಬರುವುದೇ ಆರೋಗ್ಯದ ದೊಡ್ಡ ಗುರುತು. ಅದೇ ತೊಟ್ಟಿಯಲ್ಲಿ ಒಂದು ಸತ್ತ ಮೀನು ಕಂಡರೂ ಬೇರೆ ಅಂಗಡಿಗೆ ನಡೆಯಿರಿ.

ಈಗ ಹುಬ್ಬಳ್ಳಿ–ಕುಷ್ಟಗಿ ರೈಲು ನಮ್ಮ ಕುಕನೂರಿನ ಮೇಲೆ ಹಾದು ಹೋಗುತ್ತದೆ, ಹುಬ್ಬಳ್ಳಿಯ ಅಂಗಡಿಗಳು ಹತ್ತಿರವಾಗಿವೆ. ಅಲ್ಲಿಂದ ತರುವವರು ಚೀಲವನ್ನು ಕಿಟಕಿಯ ಬಿಸಿಲಿಗೆ ಇಡದೆ ಒದ್ದೆ ಬಟ್ಟೆ ಸುತ್ತಿ ತನ್ನಿ. ಮನೆಗೆ ಬಂದ ಮೇಲೆ ಚೀಲವನ್ನು ಹದಿನೈದು-ಇಪ್ಪತ್ತು ನಿಮಿಷ ನೀರಿನ ಮೇಲೆ ತೇಲಿಬಿಟ್ಟು, ತೊಟ್ಟಿಯ ನೀರನ್ನು ಸ್ವಲ್ಪಸ್ವಲ್ಪ ಬೆರೆಸಿ, ಆಮೇಲೆ ಮೀನನ್ನು ಮಾತ್ರ ಬಲೆಯಿಂದ ಎತ್ತಿ ಬಿಡಿ. ಚೀಲದ ನೀರು ತೊಟ್ಟಿಗೆ ಬೇಡ. ಈಗಾಗಲೇ ಮೀನು ಇರುವ ಮನೆಯಲ್ಲಿ ಹೊಸದನ್ನು ಎರಡು ವಾರ ಬೇರೆ ಟಬ್ಬಿನಲ್ಲಿ ಇಡುವುದು ಕ್ಷೇಮ.

ಆಹಾರ ದಿನಕ್ಕೆ ಒಮ್ಮೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ಬಿಸ್ಕೀಟು, ಅನ್ನ, ರೊಟ್ಟಿಯ ಚೂರು ಬೇಡ. ರಂಜಾನ್ ತಿಂಗಳಲ್ಲಿ ಸಹರಿಗೆ ಎದ್ದವರು ತೊಟ್ಟಿಯ ದೀಪ ಹಾಕಿ ಮೀನನ್ನೂ ಎಬ್ಬಿಸುತ್ತಾರೆ. ಅವಕ್ಕೆ ಕಣ್ಣುರೆಪ್ಪೆಯಿಲ್ಲ, ಕತ್ತಲೆಯೇ ಅವುಗಳ ಹಾಸಿಗೆ. ಅವನ್ನು ಮಲಗಲು ಬಿಡಿ.

ಸಾಕಾದಾಗ ಕೆರೆಗೆ ಬಿಡುವುದು ದಯೆಯಲ್ಲ

ಮೀನು ದೊಡ್ಡದಾಯಿತು, ತೊಟ್ಟಿ ಸಾಲದು. ಆಗ ಕೆರೆಗೋ ಹಳ್ಳಕ್ಕೋ ಬಿಟ್ಟು "ಪುಣ್ಯ ಬಂತು" ಎಂದುಕೊಳ್ಳುವವರಿದ್ದಾರೆ. ಗಾಜು ತಿಕ್ಕುತ್ತದೆ ಎಂದು ಮಾರುವ ಸಕ್ಕರ್ ಮೀನು ಒಂದೂವರೆ ಅಡಿ ಬೆಳೆಯುತ್ತದೆ, ಮೈತುಂಬ ಗಟ್ಟಿ ಕವಚ, ಮುಳ್ಳು. ದಕ್ಷಿಣ ಅಮೆರಿಕದ ಈ ಮೀನು ಹೀಗೆ ಬಿಟ್ಟವರಿಂದಲೇ ದಕ್ಷಿಣ ಭಾರತದ ಹಲವು ಕೆರೆ-ನದಿಗಳಲ್ಲಿ ತುಂಬಿಕೊಂಡು ಮೀನುಗಾರರ ಬಲೆ ಹರಿಯುತ್ತಿದೆ. ಕಾಶ್ಮೀರದ ದಾಲ್ ಸರೋವರದಲ್ಲಿ 2023ರಲ್ಲಿ ಉತ್ತರ ಅಮೆರಿಕದ ಅಲಿಗೇಟರ್ ಗಾರ್ ಸಿಕ್ಕಿ ಸುದ್ದಿಯಾಗಿತ್ತು. ಅಷ್ಟು ದೂರದ ಮೀನು ತಾನಾಗಿ ಈಜಿ ಬರಲಿಲ್ಲ.

ನಮ್ಮ ಜಿಲ್ಲೆಯಲ್ಲಿ ತುಂಗಭದ್ರೆಯನ್ನು ನಂಬಿ ಬಲೆ ಬೀಸುವ ಕುಟುಂಬಗಳಿವೆ. ನಮ್ಮ ಮನೆಯ ಅಲಂಕಾರ ಅವರ ಅನ್ನಕ್ಕೆ ಕಲ್ಲಾಗಬಾರದು. ಗಪ್ಪಿಯೂ ಹೊರದೇಶದ್ದೇ. ಅದನ್ನು ಎಲ್ಲಿ ಬಿಡಬೇಕೆಂಬ ತೀರ್ಮಾನ ಆರೋಗ್ಯ ಇಲಾಖೆಯದು, ನಮ್ಮದಲ್ಲ. ಸಾಕಲಾಗದಿದ್ದರೆ ಅಂಗಡಿಗೆ ವಾಪಸು ಕೊಡಿ, ಗೆಳೆಯರಿಗೆ ಕೊಡಿ.

ಎರಡು ಆಕ್ಷೇಪಗಳು

"ಇಷ್ಟೆಲ್ಲ ಕಷ್ಟ ಯಾಕೆ, ಮೀನನ್ನು ಗಾಜಿನಲ್ಲಿ ಕೂಡಿಹಾಕುವುದೇ ಕ್ರೌರ್ಯವಲ್ಲವೇ?" ಎಂದು ಕೆಲವು ಗೆಳತಿಯರು ಕೇಳುತ್ತಾರೆ. ಈ ಪ್ರಶ್ನೆಗೆ ಗೌರವ ಕೊಡಬೇಕು. ಬುಖಾರಿ ಮತ್ತು ಮುಸ್ಲಿಂ ಹದೀಸ್ ಸಂಗ್ರಹಗಳೆರಡರಲ್ಲೂ ಎರಡು ಪ್ರಸಂಗಗಳಿವೆ. ಒಂದರಲ್ಲಿ, ಬೆಕ್ಕನ್ನು ಕೂಡಿಹಾಕಿ ಆಹಾರವನ್ನೂ ಕೊಡದೆ, ತಾನೇ ಹುಡುಕಿ ತಿನ್ನಲೂ ಬಿಡದೆ ಸಾಯಿಸಿದ ಹೆಂಗಸು ಶಿಕ್ಷೆಗೆ ಗುರಿಯಾದಳೆಂದು ಪ್ರವಾದಿ(ಸ) ತಿಳಿಸುತ್ತಾರೆ. ಇನ್ನೊಂದರಲ್ಲಿ, ಅಬೂ ಉಮೈರ್ ಎಂಬ ಪುಟ್ಟ ಬಾಲಕ ಸಾಕಿದ ಚಿಕ್ಕ ಹಕ್ಕಿಯ ಬಗ್ಗೆ ಪ್ರವಾದಿ(ಸ) ಅಕ್ಕರೆಯಿಂದ ವಿಚಾರಿಸುತ್ತಾರೆ. ಹಕ್ಕಿ ಸಾಕಿದ್ದಕ್ಕೆ ಗದರಿಸಲಿಲ್ಲ. ಈ ಎರಡನ್ನೂ ಕೂಡಿಸಿ ಓದಿದರೆ ನನಗೆ ತಿಳಿಯುವುದು ಹೀಗೆ: ಸಾಕಬಹುದು, ಆದರೆ ಸಾಕಿದ ಜೀವದ ಲೆಕ್ಕ ಕೊಡಬೇಕು. ಬೆಕ್ಕಾದರೆ ಕೂಗಿ ಹಸಿವು ಹೇಳುತ್ತದೆ. ಮೀನು ಕೂಗುವುದಿಲ್ಲ, ಹಾಗಾಗಿ ಅದರ ವಿಷಯದಲ್ಲಿ ನಮ್ಮ ಜವಾಬ್ದಾರಿ ಹೆಚ್ಚು. ಬಸವಾದಿ ಶರಣರ ಈ ನೆಲದಲ್ಲಿ ದಯೆಯ ಮಾತು ಯಾರಿಗೂ ಹೊಸದಲ್ಲ, ಯಾವ ಮನೆಯವರಿಗೂ ಇದು ಪರಕೀಯವಲ್ಲ.

ಮೀನು ಸತ್ತರೆ ಕೆಡುಕು ಹೋಯಿತು ಎನ್ನುವವರಿಗೂ ಇದೇ ಉತ್ತರ. ಆ ನಂಬಿಕೆಯಿಂದ ಲಾಭವಾಗುವುದು ಮಾರುವವರಿಗೆ. ನೀರಿನ ದೋಷವನ್ನು ವಿಧಿಯ ಮೇಲೆ ಹಾಕಿದರೆ ನೀರು ಸರಿಯಾಗುವುದಿಲ್ಲ.

"ನಮ್ಮಂಥ ಬಡವರ ಮನೆಗೆ ಇದೆಲ್ಲ ಶೋಕಿ" ಎನ್ನುವುದು ಎರಡನೆಯ ಆಕ್ಷೇಪ. ನಿಜವಾಗಿ ದುಡ್ಡು ಪೋಲಾಗುವುದು ತಪ್ಪು ಮೀನು ಮತ್ತೆಮತ್ತೆ ತರುವುದರಲ್ಲಿ. ಸರಿಯಾದ ಆರು ಗಪ್ಪಿ ತಂದವರು ಮತ್ತೆ ಅಂಗಡಿಗೆ ಹೋಗುವುದೇ ಅಪರೂಪ. ಇನ್ನೂ ಒಂದು ಹೆಜ್ಜೆ ಮುಂದೆ ಹೋದರೆ ಇದು ದುಡಿಮೆಯೂ ಆಗಬಲ್ಲದು. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಮನೆಯ ಹಿತ್ತಲಿನಲ್ಲಿ ಅಲಂಕಾರಿಕ ಮೀನು ಸಾಕುವ ಘಟಕಕ್ಕೂ ಸಹಾಯಧನ ಇಟ್ಟರು. ಸಾಮಾನ್ಯ ವರ್ಗಕ್ಕೆ ವೆಚ್ಚದ ಶೇ 40, ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 60. ಮನೆಯಿಂದಲೇ ದುಡಿಯಬಯಸುವ ನಮ್ಮ ತಾಯಂದಿರು, ಅಕ್ಕಂದಿರು ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬಹುದಾದ ವಿಷಯ ಇದು. ಪಿಸಿಎಂಬಿ ಓದುವವರು ಇನ್ನೊಂದನ್ನೂ ತಿಳಿದಿರಿ: ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರಲ್ಲಿ ಆರಂಭವಾಯಿತು, ದೇಶದಲ್ಲೇ ಮೊದಲನೆಯದು. ಈಗ ಬೀದರಿನ ಪಶು ವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿದೆ. ಸಿಇಟಿ ಬರೆದವರಿಗೆ ಅಲ್ಲಿ ಬಿ.ಎಫ್.ಎಸ್ಸಿ. ಪದವಿಯ ದಾರಿ ಇದೆ. ಡಾಕ್ಟರ್, ಎಂಜಿನಿಯರ್ ಬಿಟ್ಟು ಬೇರೆ ಹೆಸರು ಕೇಳದ ನಮಗೆ ಇದೂ ಒಂದು ಬಾಗಿಲು.

ನಮ್ಮ ಕಾಲೇಜಿನಿಂದಲೇ ಆರಂಭಿಸೋಣ

ಕೊನೆಯದಾಗಿ ಮೂರು ಸಲಹೆ. ಒಂದು, ನಮ್ಮ ಜೀವಶಾಸ್ತ್ರ ಪ್ರಯೋಗಾಲಯದಲ್ಲಿ ಒಂದು ಎರಡು ಅಡಿಯ ತೊಟ್ಟಿ ಇಡೋಣ. ಕೆಮಿಸ್ಟ್ರಿ ವಿಭಾಗದವರು ಪಿಎಚ್ ನೋಡಲಿ, ಬಯಾಲಜಿಯವರು ಮೀನು ನೋಡಲಿ, ಕಾಮರ್ಸ್‌ನವರು ಖರ್ಚಿನ ಲೆಕ್ಕ ಇಡಲಿ, ಆರ್ಟ್ಸ್‌ನವರು ದಿನಚರಿ ಬರೆಯಲಿ. ಅಲ್ಲಿ ಹುಟ್ಟಿದ ಗಪ್ಪಿಯ ಮರಿಗಳನ್ನು, ತೊಟ್ಟಿ ಸಿದ್ಧ ಮಾಡಿಕೊಂಡ ವಿದ್ಯಾರ್ಥಿಗಳಿಗೆ ಉಚಿತವಾಗಿ ಕೊಡೋಣ. ಎರಡು, ಶಾಲಾ-ಕಾಲೇಜು ಸಮಾರಂಭಗಳಲ್ಲಿ, ಮನೆಯ ಕಾರ್ಯಕ್ರಮಗಳಲ್ಲಿ ಜೀವಂತ ಮೀನನ್ನು ಉಡುಗೊರೆ ಕೊಡುವುದಿಲ್ಲ ಎಂದು ನಾವೇ ತೀರ್ಮಾನಿಸೋಣ. ಮೂರು, ಅಂಗಡಿಗೆ ಹೋದಾಗ "ಇದು ಎಷ್ಟು ದೊಡ್ಡದಾಗ್ತದ್ರಿ?" ಎಂದು ಪ್ರತಿ ಸಲ ಕೇಳೋಣ. ಹತ್ತು ಜನ ಕೇಳಿದರೆ ಅಂಗಡಿಯವರು ಉತ್ತರ ಕಲಿಯುತ್ತಾರೆ, ನೂರು ಜನ ಕೇಳಿದರೆ ತೊಟ್ಟಿಯ ಮೇಲೆ ಬರೆದು ಅಂಟಿಸುತ್ತಾರೆ.

ಬಣ್ಣದ ಮೀನು ಮನೆಗೆ ಬರಲಿ. ತರುವ ಮುನ್ನ ನೀರು ಎಂಥದು, ತೊಟ್ಟಿ ಎಷ್ಟಗಲ, ಜೊತೆಗಾರ ಯಾರು ಎಂದು ಒಮ್ಮೆ ಕೇಳಿಕೊಳ್ಳಿ. ಅದರ ಪಾಲಿಗೆ ನಮ್ಮ ತೊಟ್ಟಿಯೇ ಇಡೀ ಊರು.